ಅಕ್ಕನಿಗೂ ಆಟಿಸಂ, ತಮ್ಮನಿಗೂ ಆಟಿಸಂ

(ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.)

ನನ್ನ ಹತ್ತಿರ ಸಲಹೆಗೆ ಬಂದದ್ದು ದಾವಣಗೆರೆ ಕಡೆಯ ಕುಟುಂಬ. ಮಗಳಿಗೆ 31 ವರ್ಷ. ಎಂ.ಕಾಂ. ಮುಗಿಸಿ ಬೆಂಗಳೂರಿನ ಕಂಪನಿಯೊಂದರಲ್ಲಿ ಅಕೌಂಟ್ಸ್ ನೋಡುತ್ತಾಳೆ. ತನಗೆ ಆಟಿಸಂ ಇದೆ ಅಂತ ಗೊತ್ತಾಗಿದ್ದು ಹೋದ ವರ್ಷ. ಮಗನಿಗೆ 26, ಅವನದು ಚಿಕ್ಕಂದಿನಲ್ಲೇ ಗೊತ್ತಾಗಿತ್ತು. ಮಾತಿಲ್ಲ. ಟ್ಯಾಬ್‌ನಲ್ಲಿ ಚಿತ್ರ ಒತ್ತಿ ಬೇಕಾದ್ದು ಹೇಳುತ್ತಾನೆ. ತಂದೆಗೆ ಹೃದಯದ ಆಪರೇಷನ್ ಆದ ಮೇಲೆ ಮನೆಯಲ್ಲಿ ಒಂದೇ ಚಿಂತೆ: ನಮ್ಮ ಕಾಲಾನಂತರ ಇವನನ್ನು ನೋಡಿಕೊಳ್ಳೋರು ಯಾರು? ಅಕ್ಕ ಅಂತ ಅವರೇ ತೀರ್ಮಾನವನ್ನೂ ಮಾಡಿಬಿಟ್ಟಿದ್ದರು.

"ಇವಳಿಗೆ ಲೆವೆಲ್ ಒಂದು ಅಂತ ಬರೆದಿದ್ದಾರೆ ಮೇಡಂ. ಅಂದ್ರೆ ಸ್ವಲ್ಪಾನೇ ಅಲ್ವಾ? ಸಂಬಳ ತಗೋತಾಳೆ, ಸ್ಕೂಟಿ ಓಡಿಸ್ತಾಳೆ. ತಮ್ಮನ್ನ ನೋಡ್ಕೊಳ್ಳೋಕೆ ಆಗಲ್ವಂತೆ!" ಅಂದರು ತಾಯಿ. ಮಗಳು ದುಪಟ್ಟಾದ ದಾರವೊಂದನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕೂತಿದ್ದಳು.

ಆಟಿಸಂ ಇರುವವರಿಗೆ ಎಷ್ಟು ನೆರವು ಬೇಕು ಅಂತ ಹೇಳುವ ಈ ಲೆವೆಲ್‌ಗಳು 2013ರ ಡಿಎಸ್‌ಎಂ-5ರಿಂದ, ಅಂದರೆ ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿಯಿಂದ ಬಂದವು. ಲೆವೆಲ್ 1 ಅಂದರೂ 'ನೆರವು ಬೇಕು' ಅಂತಲೇ. ಏನೂ ಬೇಡ ಅನ್ನೋ ಲೆವೆಲ್ ಅದರಲ್ಲಿಲ್ಲ. ಅದೂ ಅಲ್ಲದೆ, ಜನರ ಜೊತೆಗಿನ ಮಾತುಕತೆಗೆ ಒಂದು, ಪಟ್ಟುಹಿಡಿದ ರೂಢಿ, ಸದ್ದು-ಬೆಳಕಿನ ಕಿರಿಕಿರಿಯಂಥವಕ್ಕೆ ಇನ್ನೊಂದು ಅಂತ ಬೇರೆ ಬೇರೆ ಬರೆಯಬೇಕು. ವರದಿಗಳಲ್ಲಿ ಎರಡನ್ನೂ ಒಂದೇ ಅಂಕಿಗೆ ಇಳಿಸಿಬಿಡುತ್ತಾರೆ. ಮನೆಯವರು ಅದನ್ನು ಪರೀಕ್ಷೆಯ ಮಾರ್ಕ್ಸ್ ಥರ ಓದುತ್ತಾರೆ.

ಅಂಕಿ ಬದಿಗಿಟ್ಟು ಒಂದು ವಾರ ಇಬ್ಬರ ದಿನಚರಿ ಬರೆಯಲು ಹೇಳಿದೆ. ಯಾವ ಕೆಲಸ ತಾನಾಗಿ ಆಯಿತು, ಯಾವುದನ್ನು ನೆನಪಿಸಬೇಕಾಯಿತು, ಯಾವುದಕ್ಕೆ ಪಕ್ಕದಲ್ಲೇ ನಿಲ್ಲಬೇಕಾಯಿತು, ಯಾವುದು ಆಗಲೇ ಇಲ್ಲ.

ತಮ್ಮನಿಗೆ ಬೀದಿಯಲ್ಲಿ ಯಾರಾದರೂ ಜೊತೆಗಿರಲೇಬೇಕು, ಗಾಡಿ ನೋಡೋದಿಲ್ಲ. ಹಲ್ಲು ನೋವು ಬಂದರೆ ಹೇಳೋದಿಲ್ಲ, ಕೆನ್ನೆಗೆ ಹೊಡೆದುಕೊಳ್ಳುತ್ತಾನೆ. ಆದರೆ ಬಚ್ಚಲಲ್ಲಿ ಅಂಟಿಸಿದ ಚಿತ್ರಗಳನ್ನು ನೋಡಿಕೊಂಡು ಸ್ನಾನ ತಾನೇ ಮುಗಿಸುತ್ತಾನೆ. ಹೊತ್ತಿಗೆ ಸರಿಯಾಗಿ ಊಟ, ನಿದ್ದೆ. ಬೇಜಾರಾದರೆ 'ಸಾಕು' ಒತ್ತಿ ಎದ್ದು ಹೋಗುತ್ತಾನೆ.

ಅಕ್ಕನ ಹಾಳೆಯಲ್ಲಿ ಆಫೀಸಿನ ಕೆಲಸವೆಲ್ಲ ಅಚ್ಚುಕಟ್ಟು. ಸಂಜೆಯ ಸಾಲುಗಳು ಬೇರೆಯೇ ಇದ್ದವು. ಬಂದವಳು ಚಪ್ಪಲಿಯನ್ನೂ ಬಿಡದೆ ಕತ್ತಲಲ್ಲಿ ಮಲಗುತ್ತಾಳೆ. ರಾತ್ರಿಗೆ ಒಣ ಮಂಡಕ್ಕಿ, ಇಲ್ಲಾಂದ್ರೆ ಅದೂ ಇಲ್ಲ. ಗ್ಯಾಸ್ ಮುಗಿದು ಎಷ್ಟೋ ದಿನವಾಗಿದೆ, ಬುಕ್ ಮಾಡಿದರೆ ಡೆಲಿವರಿಯವನ ಫೋನ್ ಎತ್ತಬೇಕಲ್ಲ! ತಿಂಗಳ ಕೊನೆಯ ಲೆಕ್ಕ ಮುಗಿದ ದಿನ ಬಾಯಿಂದ ಮಾತೇ ಹೊರಡುವುದಿಲ್ಲ. ಅಮ್ಮ ಅದನ್ನು ಇಷ್ಟು ದಿನ ಕೊಬ್ಬು ಅಂದುಕೊಂಡಿದ್ದರು. 'ಸಾಕು' ಅನ್ನೋ ಗುಂಡಿ ಅವಳ ಹತ್ತಿರ ಇರಲಿಲ್ಲ.

"ನಾನೂ ಅವನ ಆ್ಯಪ್ ಹಾಕ್ಕೋಬಹುದಾ?" ಅಂತ ಅವಳೇ ಕೇಳಿದಳು. ಖಂಡಿತ ಅಂದೆ. ಮಾತು ಬರೋಳಿಗೆ ಅದ್ಯಾಕೆ ಅನ್ನೋದು ಅಮ್ಮನ ತಕರಾರು. ಮಾತು ಹೊರಡದ ಹೊತ್ತಿಗೆ, ಅಷ್ಟೇ ಅಂದೆ.

ಉಳಿದ ಸಲಹೆ ಹೀಗಿತ್ತು. ರಾತ್ರಿಯೂಟಕ್ಕೆ ಡಬ್ಬಿ ಗೊತ್ತು ಮಾಡಿಕೊಳ್ಳಲಿ. ಅದನ್ನು ಸೋಮಾರಿತನ ಅನ್ನಬೇಡಿ. ಗ್ಯಾಸ್‌ ಬುಕ್ ಮಾಡೋದು ಅಪ್ಪನ ಜವಾಬ್ದಾರಿ, ಫೋನೂ ಅವರಿಗೇ ಬರಲಿ. ಆಫೀಸಿನಲ್ಲಿ ಕೆಲಸಗಳನ್ನು ಬರಹದಲ್ಲಿ ಕೊಡಿ, ಹೆಡ್‌ಫೋನಿಗೆ ಅಡ್ಡಿ ಮಾಡಬೇಡಿ ಅಂತ ಕೇಳಬಹುದು. ಅಂಗವೈಕಲ್ಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವುದು ಅವಳಿಷ್ಟ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ, ಆದರೆ ಮೀಸಲಾತಿಗೆಲ್ಲ ವೈಕಲ್ಯ ಕನಿಷ್ಠ 40 ಪ್ರತಿಶತ ಅಂತ ಪ್ರಮಾಣಪತ್ರದಲ್ಲಿ ಇರಬೇಕು.

ತಮ್ಮನ ವಿಷಯದಲ್ಲಿ ತಂದೆತಾಯಿಗೆ ಹೇಳಿದ್ದು: ಆಟಿಸಂನಂಥ ವೈಕಲ್ಯ ಇರುವವರಿಗಾಗಿ ಮಾಡಿದ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಸ್ಥಳೀಯ ಮಟ್ಟದ ಸಮಿತಿಗೆ ಈಗಲೇ ಪೋಷಕತ್ವದ (ಕಾನೂನುಬದ್ಧ ಗಾರ್ಡಿಯನ್ ನೇಮಕದ) ಅರ್ಜಿ ಹಾಕಿ. ಪೋಷಕಿ ಅಕ್ಕನೇ ಆಗಬೇಕೆಂದಿಲ್ಲ. ಅದೇ ಟ್ರಸ್ಟಿನ, ಒಂದು ಲಕ್ಷ ರೂಪಾಯಿವರೆಗಿನ ನಿರಾಮಯ ಆರೋಗ್ಯ ವಿಮೆಯನ್ನೂ ಮಾಡಿಸಿ. ನೀವು ಗಟ್ಟಿಯಾಗಿರುವಾಗಲೇ ಅವನು ಬೇರೆಯವರ ಮನೆಯಲ್ಲಿ ಒಂದೆರಡು ರಾತ್ರಿ ಕಳೆಯೋದು ರೂಢಿಯಾಗಲಿ, ಚಿತ್ರಗಳ ಪಟ್ಟಿಯೂ ಜೊತೆಗೆ ಹೋಗಲಿ.

ಚಿಕ್ಕಪ್ಪ ಪೋಷಕರಾಗಲು ಒಪ್ಪಿದ್ದಾರೆ. ತಮ್ಮನ ಬ್ಯಾಂಕ್ ಲೆಕ್ಕ, ಕಾಗದಪತ್ರ ನನಗಿರಲಿ ಅಂದಿದ್ದಾಳೆ ಅಕ್ಕ, ಅದು ಅವಳಿಗೆ ನೀರು ಕುಡಿದಷ್ಟು ಸುಲಭ. ಆಫೀಸಿನಲ್ಲಿ ಆಟಿಸಂ ವಿಷಯ ಇನ್ನೂ ಹೇಳಿಲ್ಲ. ಮಾರ್ಚ್ ಲೆಕ್ಕ ಮುಗಿಯಲಿ, ಆಮೇಲೆ ನೋಡ್ತೀನಿ ಅಂದಳು. ನಾನು ಅವಸರ ಮಾಡಲಿಲ್ಲ.