ಯಕ್ಷಗಾನದ ರಾತ್ರಿ ಮತ್ತು ಮೂರ್ಛೆರೋಗ

ಪ್ರಶ್ನೆ: ಮೂರ್ಛೆರೋಗವಿರುವ ನನ್ನ 19 ವರ್ಷದ ಮಗನಿಗೆ ಯಾವ ಹೊತ್ತಿನಲ್ಲಿ ಫಿಟ್ಸ್ ಬರುವುದೋ ತಿಳಿಯದು. ಅವನನ್ನು ಅಡಿಕೆ ತೋಟಕ್ಕೂ ಯಕ್ಷಗಾನಕ್ಕೂ ಕಳುಹಿಸಲು ಹೆದರುತ್ತೇನೆ. ಏನು ಮಾಡಲಿ?
– ಓದುಗರೊಬ್ಬರು, ಶಿರಸಿ

ಉತ್ತರ: ದಯವಿಟ್ಟು ಅವನನ್ನು ಮನೆಯಲ್ಲೇ ಕೂಡಿಹಾಕಬೇಡಿ. ಜೊತೆಯಲ್ಲೊಬ್ಬರಿದ್ದರೆ ತೋಟದ ನೆಲದ ಕೆಲಸಗಳನ್ನು ಅವನು ಮಾಡಬಹುದು. ಆದರೆ ಮರ ಹತ್ತುವುದು, ಕೆರೆಯಲ್ಲಿ ಒಬ್ಬನೇ ಈಜುವುದು, ಬಚ್ಚಲಿನ ಬಾಗಿಲಿಗೆ ಅಗುಳಿ ಹಾಕಿಕೊಳ್ಳುವುದು ಬೇಡ. ನಿದ್ದೆಗೆಡುವುದೂ ಮಾತ್ರೆ ತಪ್ಪಿಸುವುದೂ ಫಿಟ್ಸ್‌ಗೆ ದಾರಿ ಮಾಡುವುದರಿಂದ, ಬೆಳಗಿನವರೆಗಿನ ಆಟಕ್ಕಿಂತ ಕಾಲಮಿತಿ ಪ್ರಯೋಗಗಳು ಅವನಿಗೆ ಒಳ್ಳೆಯವು. ಆಟವನ್ನೇ ತಪ್ಪಿಸುವುದಕ್ಕೆ ಮಾತ್ರ ನನ್ನ ಒಪ್ಪಿಗೆಯಿಲ್ಲ. ಫಿಟ್ಸ್ ಬಂದಾಗ ಕೈಗೆ ಕಬ್ಬಿಣ ಕೊಡುವುದಾಗಲಿ, ಬಾಯಿಗೆ ಚಮಚ ತುರುಕುವುದಾಗಲಿ ಮಾಡದೆ, ಮಗ್ಗುಲಾಗಿ ಮಲಗಿಸಿ ಗಡಿಯಾರ ನೋಡುತ್ತಿರಿ. 5 ನಿಮಿಷ ಮೀರಿದರೆ, ಅಥವಾ ಎಚ್ಚರವಾಗುವ ಮೊದಲೇ ಮತ್ತೆ ಬಂದರೆ, ತಡಮಾಡದೆ 108ಕ್ಕೆ ಕರೆ ಮಾಡಿ.