ಎರಡು ಚೂಪು ತುದಿಯ ಡಯಲ್

ಪ್ರಶ್ನೆ: ಅಪ್ಪ ಹಡಗಿನ ಎಂಜಿನ್ ರೂಮಿನಲ್ಲಿದ್ದವರು. ಅವರ ಪೆಟ್ಟಿಗೆಯಲ್ಲಿ ಗಡಿಯಾರದಂಥ ಒಂದು ಡಯಲ್ ಸಿಕ್ಕಿದೆ. ಎರಡೂ ತುದಿ ಚೂಪು, ಒಂದು ಒತ್ತಿದರೆ ಒಳಗೆ ಹೋಗುತ್ತದೆ. ಕೆಳಗೊಂದು ಭಾರದ ಗುಂಡು. ಮೇಲೆ 0.01 ಮಿ.ಮೀ. ಎಂದಿದೆ. ಏನಿದು?
– ಓದುಗರೊಬ್ಬರು, ಮಲ್ಪೆ

ಉತ್ತರ: ಫೋಟೋ ನೋಡಿದ ಕೂಡಲೇ ಗುರುತು ಸಿಕ್ಕಿತು. ಮಂಗಳೂರು ಬಂದರಿನಲ್ಲಿ ಇಂಥದ್ದನ್ನೇ ಹಿಡಿದು ಎಂಜಿನ್ನಿನ ತಳದ ಪೆಟ್ಟಿಗೆ, ಅಂದರೆ ಕ್ರ್ಯಾಂಕ್‌ಕೇಸಿನೊಳಗೆ ತಲೆ ತೂರಿಸಿದವನು ನಾನು. ಮೊಣಕೈ ತನಕ ಎಣ್ಣೆ, ಬಾಯಲ್ಲಿ ಟಾರ್ಚು.

ಇದು ಕ್ರ್ಯಾಂಕ್‌ಶಾಫ್ಟ್ ಡಿಫ್ಲೆಕ್ಷನ್ ಗೇಜ್. ಪಿಸ್ಟನ್ನುಗಳ ಮೇಲೆ-ಕೆಳಗಿನ ಓಟವನ್ನು ತಿರುಗಾಟವಾಗಿಸುವ ಉಕ್ಕಿನ ದಂಡವೇ ಕ್ರ್ಯಾಂಕ್‌ಶಾಫ್ಟ್; ಅದು ಎಷ್ಟು ಬಾಗುತ್ತಿದೆ ಎಂದು ಅಳೆಯುವುದು ಇದರ ಕೆಲಸ. ಕ್ರ್ಯಾಂಕಿನ (ಶಾಫ್ಟಿನ ಒಂದು ಮಡಿಕೆಯ) ಎದುರುಬದುರಿನ ಎರಡು ತೋಳುಗಳಾದ ವೆಬ್‌ಗಳಲ್ಲಿ ಪಂಚ್ ಹೊಡೆದ ಸಣ್ಣ ಗುಳಿಗಳಿರುತ್ತವೆ. ಅವುಗಳ ನಡುವೆ ಇದನ್ನು ಸಿಕ್ಕಿಸಿ, ಶಾಫ್ಟನ್ನು ನಿಧಾನಕ್ಕೆ ತಿರುಗಿಸಬೇಕು. ಅಂತರ ಕೂದಲೆಳೆಗಿಂತ ಕಡಿಮೆ ಬದಲಾದರೂ ಮುಳ್ಳು ಹೇಳುತ್ತದೆ. ಶಾಫ್ಟನ್ನು ಹೊತ್ತ ಒಂದು ಬೇರಿಂಗ್ ಸವೆದು ತಗ್ಗಿದರೆ ಶಾಫ್ಟ್ ಸುತ್ತುಸುತ್ತಿಗೂ ಬಾಗುತ್ತದೆ. ಬಾಗಿ ಬಾಗಿ ಕೊನೆಗೆ ಮುರಿಯುತ್ತದೆ, ಅದೂ ನಡುಗಡಲಿನಲ್ಲಿ! ಗುಂಡು ಇರುವುದು ಡಯಲ್ ಸದಾ ನೇರ ತೂಗಲಿ ಅಂತ.

ಒಂದು ಸುತ್ತಿಗೆ ಐದು ಅಳತೆ: ಮೇಲೊಂದು, ಎರಡು ಪಕ್ಕಕ್ಕೆ ಒಂದೊಂದು, ಕೆಳಗೆ ಎರಡು. ಎರಡು ತೋಳು ಕೂಡಿಸುವ ಕ್ರ್ಯಾಂಕ್ ಪಿನ್ ತೀರಾ ಕೆಳಗೆ ಬಂದಾಗ, ಪಿಸ್ಟನ್ನಿನಿಂದ ಅದಕ್ಕೆ ಬರುವ ಕನೆಕ್ಟಿಂಗ್ ರಾಡ್ ಗೇಜಿಗೆ ಅಡ್ಡ ಬರುತ್ತದಲ್ವಾ, ಅದಕ್ಕೇ ಅಲ್ಲಿ ಆಚೆಗೊಂದು, ಈಚೆಗೊಂದು.

ನಿಮ್ಮ ಅಪ್ಪ ಜತನದ ಮನುಷ್ಯ. ತುದಿ ಇನ್ನೂ ಮೊಂಡಾಗಿಲ್ಲ. ನಮ್ಮ ಕಡಲ ಗಾಳಿಗೆ ತುಕ್ಕು ಬೇಗ. ಒಣಬಟ್ಟೆಯಲ್ಲಿ ಒರೆಸಿ ಅದೇ ಪೆಟ್ಟಿಗೆಯಲ್ಲಿಡಿ. ಗುಜರಿಗೆ ಮಾತ್ರ ಹಾಕಬೇಡಿ.