ಒಂದೇ ಮಾದರಿಯ ಹಳೆಯ ಕನ್ವರ್ಟಿಬಲ್ (ಚಾವಣಿ ಮಡಚಬಹುದಾದ) ಕಾರುಗಳ ಬೆಲೆಯಲ್ಲಿ ಇಷ್ಟೊಂದು ವ್ಯತ್ಯಾಸ ಯಾಕೆ?

ಮುಖ್ಯ ಕಾರಣ ಟ್ರಿಮ್, ಅಂದರೆ ಒಂದೇ ಮಾದರಿಯೊಳಗಿನ ದರ್ಜೆ: ಯಾವ ಎಂಜಿನ್, ಏನೇನು ಸೌಲಭ್ಯ ಎನ್ನುವುದು. ಸುಮ್ನೆ ಅಪರೂಪವಾದರೆ ಸಾಲದು, ಬೇಕು ಅನ್ನುವವರೂ ಇರಬೇಕು, ಅಲ್ವಾ? ಮೇಲಿನ ದರ್ಜೆಯಲ್ಲಿ ಇವೆರಡೂ ಕೂಡಿ ಬರುತ್ತವೆ. ಹೊಸದಿದ್ದಾಗ ದೊಡ್ಡ ಎಂಜಿನ್ನಿನ ಕಾರು ದುಬಾರಿ, ಅದರ ವಿಮೆಯೂ ದುಬಾರಿ. ಹಾಗಾಗಿ ಕೊಂಡವರು ಕೆಲವರೇ. ಇವತ್ತು ಎಲ್ಲರ ಕಣ್ಣು ಅದರ ಮೇಲೆಯೇ.

ಅಮೆರಿಕದ ಪ್ಲಿಮತ್ ಕಂಪನಿಯ ಬಾರಾಕುಡಾ ಕಾರಿನಲ್ಲಿ 'ಹೆಮಿ' ಎಂಬ ದೊಡ್ಡ ಎಂಜಿನ್ನಿನ ದರ್ಜೆಗೆ ಹೆಮಿ ಕುಡಾ ಎಂದು ಹೆಸರು. 1971ರ ಹೆಮಿ ಕುಡಾ ಕನ್ವರ್ಟಿಬಲ್ ತಯಾರಾದದ್ದು ಬರೀ 11. ಅದರಲ್ಲೊಂದು 2014ರಲ್ಲಿ 35 ಲಕ್ಷ ಡಾಲರಿಗೆ ಹರಾಜಾಯಿತು. ಅದೇ ವರ್ಷದ, ಅದೇ ಆಕಾರದ, ಚಿಕ್ಕ ಎಂಜಿನ್ನಿನ ಬಾರಾಕುಡಾ ಆ ಬೆಲೆಯ ಹತ್ತಿರಕ್ಕೂ ಬರುವುದಿಲ್ಲ. ಆದರೆ ಎಂಜಿನ್ ಕಾರ್ಖಾನೆಯಲ್ಲಿ ಕೂರಿಸಿದ್ದೇ ಆಗಿರಬೇಕು. ಆಮೇಲೆ ಬದಲಿಸಿ ಬ್ಯಾಡ್ಜ್ ಅಂಟಿಸಿದ್ದಕ್ಕೆ ಆ ಬೆಲೆ ಇಲ್ಲ. ಎಂಜಿನ್ನಿನ ನಂಬರನ್ನು ಕಾರಿನ ದಾಖಲೆಯೊಂದಿಗೆ ತಾಳೆ ನೋಡಿ.

ನೀವು ಕಾರವಾರದಲ್ಲೇ ಒಂದು ಕಾರು ನೋಡಿದ್ದೇನೆ ಅಂದಿದ್ದಕ್ಕೆ ಇದನ್ನೂ ಹೇಳಬೇಕು. ಗಟ್ಟಿ ಚಾವಣಿ ಇಲ್ಲದ್ದರಿಂದ ಇಂಥ ಬಹಳಷ್ಟು ಕಾರುಗಳ ಬಲವೆಲ್ಲ ನೆಲದ ತಗಡಿನಲ್ಲಿ, ಬಾಗಿಲ ಕೆಳಗಿನ ಪಟ್ಟಿಯಲ್ಲಿ ಇರುತ್ತದೆ. ಕಡಲ ಉಪ್ಪುಗಾಳಿಗೆ, ಮಳೆಗಾಲದ ತೇವಕ್ಕೆ ತುಕ್ಕು ಹಿಡಿಯುವುದೂ ಅಲ್ಲೇ. ಕಾರನ್ನು ಎತ್ತಿಸಿ ಅಡಿಭಾಗ ನೋಡದೆ ದಯವಿಟ್ಟು ಮುಂಗಡ ಕೊಡಬೇಡಿ.